ಮೂಗು ಹಿಡಿಯುವ ಪದ್ಧತಿ

ಹಳೆಯ ಕಾಲದ ಮೇಷ್ಟ್ರುಗಳ ಶಿಸ್ತನ್ನು ಯಾರಾದರೂ ನನ್ನೆದುರು ಹೊಗಳಿದರೆ ನಾನು ಎದ್ದು ಹೋಗುತ್ತೇನೆ. ಮುದುಕನಿಗೆ ಸಿಟ್ಟು ಜಾಸ್ತಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನಾನೂ ಹಳೆಯ ಕಾಲದ ಮೇಷ್ಟ್ರೇ. ಆ ಶಿಸ್ತನ್ನು ಹಿಡಿದುಕೊಂಡು ಒಂದು ಹುಡುಗಿಗೆ ನಾನು ಏನು ಮಾಡಿದೆ ಅನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಲಿಲ್ಲ.

ಸ್ವಾತಂತ್ರ್ಯ ಬರುವುದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು. ನನ್ನ ಮೊದಲ ಶಾಲೆ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಒಂದು ಕಾಫಿ ಎಸ್ಟೇಟಿನ ಅಂಚಿನಲ್ಲಿತ್ತು. ಶಾಲೆ ಎಂದರೆ ಎಸ್ಟೇಟಿನ ಸಾಹುಕಾರರು ಬಿಟ್ಟುಕೊಟ್ಟ ಹಳೆಯ ಗೋದಾಮು. ಗೋಡೆಗೆ ಒರಗಿದರೆ ಅಂಗಿಗೆ ಕಾಫಿ ಹೊಟ್ಟಿನ ಧೂಳು ಅಂಟುತ್ತಿತ್ತು. ನಾಲ್ಕು ಕ್ಲಾಸಿಗೂ ನಾನೊಬ್ಬನೇ. ಇಪ್ಪತ್ತೆರಡು ವರ್ಷದ ನನಗೆ ಮೈಯೆಲ್ಲ ಸಿಟ್ಟು, ಆ ಸಿಟ್ಟಿಗೆ ಆದರ್ಶ ಅಂತ ಹೆಸರಿಟ್ಟುಕೊಂಡು ಖಾದಿ ಜುಬ್ಬ ತೊಟ್ಟು ಓಡಾಡುತ್ತಿದ್ದೆ.

ಆಗ ನಮ್ಮ ಕಡೆಯ ಶಾಲೆಗಳಲ್ಲಿ ಒಂದು ಪದ್ಧತಿಯಿತ್ತು. ಮಗ್ಗಿ, ಬಾಯಿಲೆಕ್ಕ ಕೇಳುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು. ತಪ್ಪು ಹೇಳಿದವರು ನಿಂತೇ ಇರಬೇಕು. ಕೊನೆಗೆ ಯಾರು ಸರಿ ಹೇಳುತ್ತಾರೋ ಅವರು ಸಾಲಿನ ಮೊದಲ ತುದಿಗೆ ಹೋಗಿ, ತಪ್ಪಿದ ಒಬ್ಬೊಬ್ಬರ ಮೂಗನ್ನೂ ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೆನ್ನೆಗೆ ಬಾರಿಸಬೇಕು. ಸ್ನೇಹಿತನೆಂದು ಮೆಲ್ಲಗೆ ಹೊಡೆದರೆ, ಹೊಡೆಯುವುದು ಹೇಗೆಂದು ಮೇಷ್ಟ್ರು ಅವನ ಕೆನ್ನೆಯ ಮೇಲೇ ತೋರಿಸುತ್ತಿದ್ದರು. ನಾನೂ ಹಾಗೆ ಹೊಡೆದು, ಹೊಡೆಸಿಕೊಂಡು ಓದಿದವನೇ. ಅದರಲ್ಲಿ ತಪ್ಪಿದೆ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಮೇಷ್ಟ್ರಿಗೆ ಕೈ ನೋವಿಲ್ಲ, ಪಾಠವೂ ಆಗುತ್ತಿತ್ತು.

ಆ ವರ್ಷ ನಾಲ್ಕನೇ ಕ್ಲಾಸಿನಲ್ಲಿ ಎಂಟು ಮಕ್ಕಳಿದ್ದರು. ಏಳು ಗಂಡುಹುಡುಗರು, ಒಬ್ಬಳು ಹುಡುಗಿ. ಹುಡುಗಿ ಎಸ್ಟೇಟಿನ ಕೂಲಿಗಳ ಸಾಲುಮನೆಯ, ಅಂದರೆ ಲೈನಿನವಳು, ಹತ್ತೋ ಹನ್ನೊಂದೋ ವರ್ಷ. ಲೈನಿನಲ್ಲಿ ಕೂಡ ಬೇರೆಯವರು ಮುಟ್ಟಿಸಿಕೊಳ್ಳದ ಜಾತಿ ಅವರದು. ಅಪ್ಪ ಚಳಿಜ್ವರದಲ್ಲಿ ಹೋಗಿದ್ದ. ಅಮ್ಮ ಒಬ್ಬಳೇ ದುಡಿದು ಸಾಕುತ್ತಿದ್ದಳು. ಇಂಥ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಕು ಅಂತ ಸರ್ಕಾರ ಹೇಳಿತ್ತು, ಹಾಗಾಗಿ ಯಾರೂ ಬೇಡ ಅನ್ನಲಿಲ್ಲ. ಹೊಸಿಲಿನ ಹತ್ತಿರ, ಉಳಿದವರಿಂದ ಎರಡು ಮಾರು ದೂರ, ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದಳು. ಮೊದಲಿದ್ದ ಮೇಷ್ಟ್ರು ಅವಳನ್ನು ಪಾಠ ಕೇಳಲು ಬಿಟ್ಟಿದ್ದರು, ಪ್ರಶ್ನೆ ಮಾತ್ರ ಕೇಳುತ್ತಿರಲಿಲ್ಲ.

ನಾನು ಬಂದ ವಾರದಲ್ಲೇ ಅವಳ ಅಮ್ಮ ಶಾಲೆಯ ಅಂಗಳಕ್ಕೆ ಬಂದು ಬುಟ್ಟಿ ಇಳಿಸಿ ನಿಂತಳು.

"ಮೇಷ್ಟ್ರೇ, ನನ್ ತಂಗಿ ಚಿಕ್ಮಗ್ಳೂರಲ್ಲಿ ಆಸ್ಪತ್ರೇಲಿ ಆಯಾ ಆಗವ್ಳೆ. ಈ ಮಗು ನಾಕ್ನೇ ಕ್ಲಾಸ್ ಪಾಸಾಗಿರೋ ಚೀಟಿ ತಂದ್ರೆ ಅಲ್ಲೇ ಇಟ್ಕಂಡು ನರ್ಸಮ್ಮನ ಕೆಲ್ಸ ಕಲಿಸ್ತಾರಂತೆ. ಆ ಚೀಟಿ ಒಂದು ಆಗೋಹಂಗೆ ಮಾಡಿ. ನನ್ ಹಂಗೆ ಇದೂ ಬುಟ್ಟಿ ಕಟ್ಕಳೋದು ಬ್ಯಾಡ."

"ಖಂಡಿತ ಆಗುತ್ತೆ ಕಣಮ್ಮ" ಅಂದೆ. ಅನುಮಾನವೇ ಇರಲಿಲ್ಲ. ಕಿವಿಯಲ್ಲಿ ಕೇಳಿಯೇ ಹುಡುಗಿ ಇಪ್ಪತ್ತರ ಮಗ್ಗಿಯವರೆಗೆ ಕಲಿತುಬಿಟ್ಟಿದ್ದಳು.

ಹುಡುಗರು ಅವಳನ್ನು ಹಿಂಸೆ ಮಾಡುತ್ತಾರೆ ಅಂತ ನನಗೆ ತಿಳಿದದ್ದು ಆಷಾಢದಲ್ಲಿ. ಮಳೆಗೆ ಅವಳು ತಲೆಯ ಮೇಲೆ ಗೊರಬು ಹಾಕಿಕೊಂಡು ಬರುತ್ತಿದ್ದಳು. ಅವಳ ಅಮ್ಮನದು, ಹಿಂದಿನಿಂದ ನೋಡಿದರೆ ಹುಡುಗಿಯೇ ಕಾಣಿಸುತ್ತಿರಲಿಲ್ಲ, ಎಲೆಯ ಗೊರಬಿಗೆ ಎರಡು ಕಾಲು ಬಂದಹಾಗೆ. ಒಂದು ದಿನ ಅದಿಲ್ಲದೆ ತೊಪ್ಪೆಯಾಗಿ ಬಂದಳು. ಹುಡುಗರು ಕೋಲಿನಲ್ಲಿ ಎತ್ತಿ ಹಳ್ಳಕ್ಕೆ ಎಸೆದಿದ್ದರು. ಇನ್ನೊಂದು ದಿನ ಅವಳ ಚೀಲದೊಳಗೆ ಹಿಡಿಯಷ್ಟು ಉಂಬಳ, ಕಾಡಿನ ಜಿಗಣೆ, ತುಂಬಿದ್ದರು. ಸ್ಲೇಟು ತೆಗೆಯಲು ಕೈ ಹಾಕಿದವಳು ಕೂಗಲಿಲ್ಲ. ಬೆರಳಿಗೆ ಕಚ್ಚಿದ್ದನ್ನು ಒಂದೊಂದಾಗಿ ಕಿತ್ತು ಹೊರಗೆ ಹಾಕಿ, ರಕ್ತವನ್ನು ಲಂಗಕ್ಕೆ ಒರೆಸಿಕೊಂಡು ಬರೆಯಲು ಶುರುಮಾಡಿದಳು. ಅವಳಿಗೆ ಅದು ಹೊಸದಲ್ಲ ಅಂತ ಆಗ ಗೊತ್ತಾಯಿತು.

ಇದಕ್ಕೆಲ್ಲ ಮುಂದಾಳು ಸಾಹುಕಾರರ ಮಗ. ಹನ್ನೆರಡು ವರ್ಷ, ಅದೇ ಕ್ಲಾಸು. ಹುಡುಗ ಕೆಟ್ಟವನಲ್ಲ ಅಂತ ಹೇಳುವುದು ಈಗಿನ ರೂಢಿ. ನಾನು ಹೇಳುವುದಿಲ್ಲ. ಅವನಿಗೆ ಅವಳನ್ನು ಹಿಂಸಿಸುವುದರಲ್ಲಿ ಖುಷಿಯಿತ್ತು, ಅದನ್ನು ನಾನು ಅವನ ಮುಖದಲ್ಲಿ ಕಂಡಿದ್ದೇನೆ.

ಎಲ್ಲ ಮೇಷ್ಟ್ರುಗಳೂ ಮಾಡುವುದನ್ನೇ ನಾನೂ ಮಾಡಿದೆ. "ಯಾರು ಮಾಡಿದ್ದು?" ಎಂದು ಕೂಗಿದೆ. ಯಾರೂ ಬಾಯಿ ಬಿಡಲಿಲ್ಲ. ಏಳು ಜನಕ್ಕೂ ಬೆತ್ತದಲ್ಲಿ ಬಿಟ್ಟೆ. ಮರುದಿನ ಹುಡುಗಿಯ ಸ್ಲೇಟು ಎರಡು ಹೋಳಾಗಿತ್ತು. ಅವಳನ್ನು ಕೇಳಿದರೆ "ಬಿದ್ದೋಯ್ತು ಸಾ" ಅಂದಳು. ಗೊರಬು ಎಲ್ಲಿ ಅಂದರೆ ಗಾಳಿಗೆ ಹೋಯಿತು ಅಂದಳು. ಅವಳ ಮೇಲೂ ನನಗೆ ಸಿಟ್ಟು ಬಂತು. ಸಹಾಯ ಮಾಡಲು ಹೊರಟವನಿಗೆ ಸಹಾಯ ಪಡೆಯುವವರು ಸಹಕರಿಸದಿದ್ದರೆ ಎಂಥ ಸಿಟ್ಟು ಬರುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಆ ಸಿಟ್ಟಿನಲ್ಲೇ ನನಗೊಂದು ಉಪಾಯ ಹೊಳೆಯಿತು. ಬಹಳ ಬುದ್ಧಿವಂತಿಕೆಯ ಉಪಾಯ ಅಂತ ಎರಡು ದಿನ ಒಳಗೊಳಗೇ ಬೀಗಿದೆ. ಇವಳಿಗೆ ಲೆಕ್ಕ ಬರುತ್ತದೆ, ಅವರಿಗೆ ಬರುವುದಿಲ್ಲ. ಶಾಲೆಯ ಪದ್ಧತಿ ಶಾಲೆಯಲ್ಲಿರುವ ಎಲ್ಲರಿಗೂ ಒಂದೇ. ಅವಳೂ ಮೂಗು ಹಿಡಿಯಲಿ! ಒಂದು ಸಲ ಕೆನ್ನೆ ಬಿಸಿಯಾದರೆ ಇವರ ಕೊಬ್ಬು ಇಳಿಯುತ್ತದೆ.

ದೀಪಾವಳಿ ಕಳೆದು ಹಣ್ಣು ಕುಯ್ಯುವ ಕೆಲಸ ಶುರುವಾದ ಹೊತ್ತು. ಅದೇ ಲೆಕ್ಕ ಕೊಟ್ಟೆ. "ಒಂದು ಬುಟ್ಟಿಗೆ ಹದಿನೆಂಟು ಸೇರು ಹಣ್ಣು. ಏಳು ಬುಟ್ಟಿಗೆ ಎಷ್ಟು ಸೇರು?" ಏಳೂ ಹುಡುಗರು ತಪ್ಪಿದರು. ಸಾಹುಕಾರರ ಮಗ ಕೊನೆಯವನು. ಅವನು ನೂರ ಹದಿನಾರು ಅಂದ. ನಾನು ಹೊಸಿಲ ಕಡೆ ತಿರುಗಿ, "ನೀನು ಹೇಳಮ್ಮ" ಅಂದೆ.

"ನೂರಾ ಇಪ್ಪತ್ತಾರು ಸಾ."

"ಸರಿ. ಬಾ, ಮೂಗು ಹಿಡಿ."

ಸಣ್ಣ ಕ್ಲಾಸಿನ ಮಕ್ಕಳೂ ಸ್ಲೇಟಿನಿಂದ ತಲೆ ಎತ್ತಿದರು. ಹುಡುಗಿ ಎದ್ದಳು, ಆದರೆ ಬರಲಿಲ್ಲ. ಹುಡುಗರ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡಿದಳು. ಬೇಡ ಅಂತ ಹೇಳುವ ಧೈರ್ಯ ಅವಳಿಗಿರಲಿಲ್ಲ, ಆದರೆ ಮುಖದ ತುಂಬ ಅದೇ ಇತ್ತು. ನನಗೆ ಕಾಣಿಸಿತು. ಕಾಣಿಸಲಿಲ್ಲ ಅಂತ ಸುಳ್ಳು ಹೇಳಲಾರೆ.

"ಬಾ ಅಂದ್ನಲ್ಲ!" ಎಂದು ಗದರಿದೆ.

ಬಂದಳು. ಲಂಗದ ಅಂಚನ್ನು ಎಡಗೈಗೆ ಸುತ್ತಿಕೊಂಡು ಮೊದಲ ಹುಡುಗನ ಮೂಗಿಗೆ ಕೈ ನೀಡಿದಳು. ಬಟ್ಟೆಯಿದ್ದರೆ ಮುಟ್ಟಿದ ಹಾಗಾಗುವುದಿಲ್ಲ ಅಂತ ಆ ಮಗುವಿನ ಲೆಕ್ಕಾಚಾರ. ಅವಳು ಅವರಿಗೂ ನನಗೂ ತನಗೂ ಒಂದು ದಾರಿ ಹುಡುಕಿಕೊಟ್ಟಿದ್ದಳು. ನಾನು ಅದನ್ನು ಮುಚ್ಚಿಬಿಟ್ಟೆ. "ಬಟ್ಟೆ ತೆಗಿ. ಇಲ್ಲಿ ಎಲ್ರಿಗೂ ಒಂದೇ ರೂಲು!" ಅಂದೆ. ಆ ಮಾತು ಹೇಳುವಾಗ ನನ್ನ ಎದೆ ಉಬ್ಬಿತ್ತು.

ಆರು ಹುಡುಗರ ಕೆನ್ನೆಯನ್ನು ಅವಳು ಬರೀ ಸವರಿದಳು. ಏಳನೆಯವನ ಹತ್ತಿರ ಬಂದಾಗ ನಾನು ಬೆತ್ತ ಎತ್ತಿಕೊಂಡೆ. "ಗಟ್ಟಿಯಾಗಿ ಹೊಡಿ. ಇಲ್ಲಾಂದ್ರೆ ನಿಂಗೆ ಬೀಳುತ್ತೆ." ಹೊಡೆದಳು. ಪಟ್ ಎಂದು ಸದ್ದು ಬಂತು. ಸಾಹುಕಾರರ ಮಗ ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಅಳಲೂ ಇಲ್ಲ. ಹುಡುಗಿ ಅತ್ತಳು.

ನನಗೆ ಸಾಹುಕಾರರ ಮೇಲೆ ಹಳೆಯ ಸಿಟ್ಟಿತ್ತು. ಶಾಲೆಗೆ ಬಂದಾಗಲೆಲ್ಲ ಅವರು ನನ್ನ ಕುರ್ಚಿಯಲ್ಲೇ ಕೂರುತ್ತಿದ್ದರು, ನಾನು ನಿಂತಿರುತ್ತಿದ್ದೆ. ಅವರ ಮಗನಿಗೆ ನಾನೇ ಹೊಡೆಯಬಹುದಿತ್ತು. ಅದಕ್ಕೆ ಧೈರ್ಯ ಸಾಲದೆ ಬೇರೆಯವರ ಜೊತೆ ಸೇರಿಸಿ ಬೆತ್ತ ಬೀಸಿದ್ದೆನೇ ಹೊರತು, ಅವನೊಬ್ಬನನ್ನು ಎದುರು ನಿಲ್ಲಿಸಿಕೊಂಡು ಕೇಳಿರಲಿಲ್ಲ. ಆ ದಿನ ಒಂದು ಕೂಲಿ ಹುಡುಗಿಯ ಕೈಯನ್ನು ಎರವಲು ತೆಗೆದುಕೊಂಡು ಹೊಡೆದೆ. ಇದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಆ ಸಂಜೆ ಮಾತ್ರ ಸಮಾಜ ಸುಧಾರಣೆ ಮಾಡಿದೆನೆಂದು ತೃಪ್ತಿಯಿಂದ ಊಟ ಮಾಡಿದೆ.

ಮಾರನೆಯ ಬೆಳಿಗ್ಗೆ ಎಸ್ಟೇಟಿನ ಮೇಸ್ತ್ರಿ ಬಂದ. ಅವನ ಹಿಂದೆ ಹುಡುಗಿಯ ಅಮ್ಮ. ಕೆಲಸದ ಹೊತ್ತಿನಲ್ಲಿ ಅವಳನ್ನು ಕಳಿಸಿದ್ದಾರೆಂದರೆ ವಿಷಯ ದೊಡ್ಡದೇ.

"ಸಾಹುಕಾರ್ರು ಏನೂ ಅಂದಿಲ್ಲ ಮೇಷ್ಟ್ರೇ" ಎಂದ ಮೇಸ್ತ್ರಿ. "ಇವ್ಳೇ ಬರ್ತೀನಿ ಅಂದ್ಲು. ತಪ್ಪಾಯ್ತು ಅನ್ಬೇಕಂತೆ."

ಅವಳು ಬರುತ್ತೇನೆ ಅಂದಿರಲಿಕ್ಕಿಲ್ಲ. ನಾನು ಏನಾದರೂ ಹೇಳುವಷ್ಟರಲ್ಲಿ ಅವಳು ಅಂಗಳದ ಮಣ್ಣಿನಲ್ಲಿ, ಸಾಹುಕಾರರ ಮಗನಿಗೆ ಮುಟ್ಟದಷ್ಟು ದೂರದಲ್ಲಿ, ಉದ್ದಕ್ಕೆ ಅಡ್ಡಬಿದ್ದಳು. "ಮಗಿಗೆ ಬುದ್ಧಿ ಇಲ್ಲ ಚಿಕ್ಕಯ್ಯ, ಹೊಟ್ಟೆಗೆ ಹಾಕ್ಕಳಿ" ಅಂದಳು. ಹುಡುಗ ಗೋಡೆಯ ಸುಣ್ಣ ಕೆರೆಯುತ್ತ ನಿಂತಿದ್ದ. ಹುಡುಗಿ ಹೊಸಿಲ ಹತ್ತಿರ ತನ್ನ ಗೋಣಿಚೀಲದ ಮೇಲೆ ಕೂತು ಅಮ್ಮನನ್ನು ನೋಡುತ್ತಿದ್ದಳು. ಅವಳು ಆಗ ಅಳುತ್ತಿರಲಿಲ್ಲ.

ಸಂಜೆ ಸಾಹುಕಾರರ ಮನೆಗೆ ಹೋದೆ. ತಪ್ಪು ನನ್ನದು, ಅವರಿಗೆ ಏನೂ ಮಾಡಬೇಡಿ ಎಂದು ಹೇಳಲು ಹೋಗಿದ್ದೆ. ಅವರು ನಗುತ್ತ ಬರಮಾಡಿಕೊಂಡು ಕಾಫಿ ತರಿಸಿದರು.

"ಹುಡುಗ್ರ ವಿಷ್ಯ ಮಾರಾಯ್ರೆ, ಅದ್ಕೆಲ್ಲ ನೀವು ಯಾಕೆ ತಲೆ ಕೆಡಿಸ್ಕೊಳ್ತೀರಿ? ಲೆಕ್ಕ ಬರ್ದಿದ್ರೆ ಪೆಟ್ಟು ತಿನ್ಬೇಕು" ಅಂದರು. ಆಮೇಲೆ ಕಾಫಿ ಕುಡಿದು ಮುಗಿಯುವ ಹೊತ್ತಿಗೆ, "ಆ ಗೋದಾಮಿನ ಹೆಂಚು ಹಾಳಾಗಿದೆ ಅಲ್ವಾ? ಮಳೆಗಾಲದ ಒಳಗೆ ಕೈಯಾಡಿಸ್ಬೇಕು. ಶಾಲೆ ಅಲ್ಲೇ ಇರೋ ಹಾಗಿದ್ರೆ ಮಾಡಿಸ್ತೇನೆ, ನೋಡುವ" ಅಂದರು.

ನಾನು ತಲೆಯಾಡಿಸಿ ಬಂದೆ. ತಪ್ಪು ನನ್ನದು ಅನ್ನಲೇ ಇಲ್ಲ.

ಅಲ್ಲಿಂದಾಚೆ ಹುಡುಗಿ ತಪ್ಪು ಹೇಳತೊಡಗಿದಳು. ಮೊದಲು ನನಗೆ ಹೊಳೆಯಲಿಲ್ಲ. ಏಳೆಂಟಲಿ ಐವತ್ತೇಳು ಅಂದಳು. ಹನ್ನೆರಡಾರಲಿ ಎಪ್ಪತ್ತಮೂರು ಅಂದಳು. ಮೂರನೆಯ ದಿನ ಅವಳ ತಪ್ಪುಗಳನ್ನು ಕೂತು ನೋಡಿದೆ. ಪ್ರತಿಯೊಂದೂ ಸರಿ ಉತ್ತರಕ್ಕಿಂತ ಒಂದೇ ಒಂದು ಹೆಚ್ಚು. ಲೆಕ್ಕ ಬರದವರು ಹಾಗೆ ತಪ್ಪುವುದಿಲ್ಲ. ಸರಿ ಉತ್ತರ ತಲೆಯಲ್ಲಿ ಇಟ್ಟುಕೊಂಡು, ಅದಕ್ಕೆ ಒಂದು ಸೇರಿಸಿ, ಆಮೇಲೆ ಬಾಯಿ ಬಿಡುತ್ತಿದ್ದಳು. ಯಾರಿಗಿಂತಲೂ ಮೇಲೆ ನಿಲ್ಲಬಾರದು ಅಂತ ಒಬ್ಬಳೇ ತೀರ್ಮಾನ ಮಾಡಿಕೊಂಡಿದ್ದಳು. ಅವಳ ಅಮ್ಮನಿಗೂ ಅದು ಗೊತ್ತಿರಲಿಲ್ಲ.

ತಪ್ಪು ಹೇಳಿದವರ ಮೂಗು ಸರಿ ಹೇಳಿದವರಿಗೆ. ಹುಡುಗರಿಗೆ ಅವಳನ್ನು ಮುಟ್ಟಲು ಮನಸ್ಸಿಲ್ಲ, ಹೊಡೆಯುವ ಅವಕಾಶ ಬಿಡಲೂ ಮನಸ್ಸಿಲ್ಲ. ಒಂದು ಬೆಳಿಗ್ಗೆ ಬಿದಿರು ಸೀಳಿ ಬಗ್ಗಿಸಿ, ಒಲೆಯ ಕೆಂಡ ಎತ್ತುವಂಥ ಇಕ್ಕಳವೊಂದನ್ನು ಮಾಡಿಕೊಂಡು ಬಂದರು. ಇಕ್ಕಳದಲ್ಲಿ ಅವಳ ಮೂಗು ಹಿಡಿದು, ಅಡಿಕೆ ಹಾಳೆಯ ತುಂಡಿನಿಂದ ಕೆನ್ನೆಗೆ ಬಾರಿಸಿದರು. "ಇದೇನ್ರೋ ಇದು?" ಎಂದು ನಾನು ಎದ್ದರೆ ಸಾಹುಕಾರರ ಮಗ ಬಹಳ ವಿನಯದಿಂದ ಹೇಳಿದ, "ಎಲ್ರಿಗೂ ಒಂದೇ ರೂಲು ಅಂತ ನೀವೇ ಹೇಳಿದ್ರಲ್ಲ ಸಾರ್."

ಇಕ್ಕಳ ಕಿತ್ತುಕೊಂಡು ಮುರಿದು ಒಲೆಗೆ ಹಾಕಿದೆ ಎಂದು ಬರೆಯಲು ಎಷ್ಟು ಆಸೆಯಾಗುತ್ತದೆ! ಹಾಗೆ ಮಾಡಲಿಲ್ಲ. ಗೋದಾಮಿನ ಹೆಂಚು ತಲೆಯ ಮೇಲಿತ್ತು. ನಾಲ್ಕು ದಿನ ಸುಮ್ಮನಿದ್ದೆ. ನಾಲ್ಕು ದಿನವೂ ಅವಳು ತಪ್ಪು ಹೇಳಿ ಮುಖ ಮುಂದೆ ಚಾಚಿ ನಿಂತಳು. ಬಿದಿರಿನ ಅಂಚು ಕೊಯ್ದು ಅವಳ ಮೂಗಿನ ಎರಡೂ ಕಡೆ ಕೆಂಪಗೆ ಗೀರಾಗಿತ್ತು. ಐದನೆಯ ದಿನ ನನಗೆ ತಡೆಯಲಾಗಲಿಲ್ಲ. ಇನ್ನು ಮುಂದೆ ಈ ಶಾಲೆಯಲ್ಲಿ ಯಾರೂ ಯಾರ ಮೂಗನ್ನೂ ಹಿಡಿಯುವಂತಿಲ್ಲ ಎಂದು ಹೇಳಿದೆ. ಒಬ್ಬಿಬ್ಬರು ತಂದೆಯರು ಬಂದು, ಪೆಟ್ಟು ಬೀಳದೆ ವಿದ್ಯೆ ಹೇಗೆ ಹತ್ತುತ್ತದೆ ಮೇಷ್ಟ್ರೇ ಎಂದು ಆಕ್ಷೇಪಿಸಿದರು. ಅವರಿಗೆ ಏನೋ ಸಮಾಧಾನ ಹೇಳಿ ಕಳಿಸಿದೆ. ಹುಡುಗಿ ಮಾತ್ರ ಮತ್ತೆ ಸರಿ ಉತ್ತರ ಹೇಳಲಿಲ್ಲ.

ಪರೀಕ್ಷೆ ಯುಗಾದಿಯ ಹತ್ತಿರ. ಇನ್‌ಸ್ಪೆಕ್ಟರರು ಬಂದು ನಾಲ್ಕನೇ ಕ್ಲಾಸಿಗೆ ಬಾಯಿಲೆಕ್ಕ ಕೇಳಿ ಪಾಸು ಮಾಡುತ್ತಿದ್ದರು. ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ನಿಲ್ಲಿಸಿಕೊಂಡೆ.

"ನಿಂಗೆ ಎಲ್ಲ ಬರುತ್ತೆ ಅಂತ ನಂಗೆ ಗೊತ್ತು. ನಾಳೆ ಒಂದು ದಿನ ಸರಿ ಹೇಳು. ಯಾರ ಮೂಗನ್ನೂ ಹಿಡೀಬೇಕಾಗಿಲ್ಲ. ಯಾರಿಗೂ ಹೊಡೀಬೇಕಾಗಿಲ್ಲ. ನಾನು ಮಾತು ಕೊಡ್ತೀನಿ."

"ನಿಜ್ವಾಗ್ಲೂ ಸಾ?" ಅಂದಳು. ಆ ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

"ನಿಜವಾಗ್ಲೂ."

ಅವಳ ಮುಖ ಸ್ವಲ್ಪ ಸಡಿಲವಾಯಿತು. ಆಸ್ಪತ್ರೆಯಲ್ಲಿ ಬಿಳಿ ಸೀರೆ ಕೊಡುತ್ತಾರಂತೆ ಹೌದಾ ಸಾ ಎಂದು ಏನೋ ಅರ್ಧ ಕೇಳಲು ಹೊರಟವಳು ನಾಚಿ ಓಡಿಹೋದಳು.

ಮಾರನೆಯ ದಿನ ನನ್ನ ಕುರ್ಚಿಯಲ್ಲಿ ಇನ್‌ಸ್ಪೆಕ್ಟರರು ಕೂತರು, ಪಕ್ಕದಲ್ಲಿ ಮನೆಯಿಂದ ತರಿಸಿದ ಕುರ್ಚಿಯಲ್ಲಿ ಸಾಹುಕಾರರು. ಹಿಂದಿನ ವಾರವಷ್ಟೇ ಮಳೆ ಬಂದು ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು, ಸಾಹುಕಾರರು ಖುಷಿಯಲ್ಲಿದ್ದರು. ಇನ್‌ಸ್ಪೆಕ್ಟರರು ಒಳ್ಳೆಯವರು, ನಗುಮುಖದವರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೀಸೆಯಡಿಯಲ್ಲೇ ನಕ್ಕು, "ನಿಮ್ಮ ಮೇಷ್ಟ್ರು ಮೂಗು ಹಿಡಿಯೋದು ಬಿಡಿಸಿದಾರಂತೆ? ನನ್ನ ಮುಂದೆ ಅದೆಲ್ಲ ನಡೆಯೋಲ್ಲ. ಸರಿ ಹೇಳಿದವರು ತಪ್ಪಿದವರ ಮೂಗು ಹಿಡೀಲೇಬೇಕು" ಅಂದರು. ಆಮೇಲೆ ಹೊಸಿಲ ಹತ್ತಿರ ಬೇರೆಯಾಗಿ ನಿಂತ ಹುಡುಗಿಯನ್ನು ಕಂಡು, ಸಾಹುಕಾರರ ಕಡೆ ಹೆಮ್ಮೆಯಿಂದ ತಿರುಗಿ, "ಈ ಹುಡುಗಿಗೂ ಅದೇ ನಿಯಮ. ಏನಂತೀರಿ? ಶಾಲೇಲಿ ಭೇದ ಇರಬಾರದು" ಅಂದರು.

"ಅಗತ್ಯವಾಗಿ" ಅಂದರು ಸಾಹುಕಾರರು.

ಹುಡುಗಿ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆದರೆ ಸಾಕಿತ್ತು. ಸಾರ್, ಬೇಡ, ನಾನು ಮಾತು ಕೊಟ್ಟಿದ್ದೇನೆ ಅನ್ನಬಹುದಿತ್ತು. ಇನ್‌ಸ್ಪೆಕ್ಟರರು ಕೊಂದುಹಾಕುತ್ತಿರಲಿಲ್ಲ. ನಾನು ಹಾಜರಿ ಪುಸ್ತಕದ ಹಾಳೆಗಳನ್ನು ಸರಿಮಾಡುತ್ತ ನಿಂತೆ.

ಮೊದಲ ಪ್ರಶ್ನೆ. ಒಂದು ಸಾಲಿಗೆ ಇಪ್ಪತ್ತನಾಲ್ಕು ಗಿಡ, ಹನ್ನೊಂದು ಸಾಲಿಗೆ ಎಷ್ಟು? ಸಾಹುಕಾರರ ಮಗ ತಡವರಿಸಿ ತಪ್ಪಿದ. ಪ್ರಶ್ನೆ ಅವಳಿಗೆ ಬಂತು.

"ಇನ್ನೂರಾ ಅರವತ್ತೈದು" ಅಂದಳು.

ಹದಿಮೂರೊಂಬತ್ತಲಿ? "ನೂರಾ ಹದ್ನೆಂಟು." ಎಂಟುನೂರರಲ್ಲಿ ಮುನ್ನೂರ ಅರವತ್ತೇಳು ಕಳೆದರೆ? "ನಾನೂರಾ ಮೂವತ್ನಾಕು."

ಕ್ಷಣವೂ ತಡಮಾಡದೆ, ನೆಟ್ಟಗೆ ನಿಂತು, ಒಂದೊಂದೇ ಹೆಚ್ಚು ಹೇಳಿದಳು. ಇಡೀ ಜಿಲ್ಲೆಯಲ್ಲಿ ಆ ದಿನ ಅಷ್ಟು ಚೆನ್ನಾಗಿ ಲೆಕ್ಕ ಮಾಡಿದ ಮಗು ಇನ್ನೊಂದಿರಲಿಕ್ಕಿಲ್ಲ. ಹುಡುಗರಿಗೆ ಇನ್‌ಸ್ಪೆಕ್ಟರರು ಬೇರೆ ಸುಲಭದ ಪ್ರಶ್ನೆಗಳನ್ನು ಕೇಳಿ ಮುಂದಕ್ಕೆ ಹಾಕಿದರು. ಅವಳ ಹೆಸರಿನ ಮುಂದೆ ಪೆನ್ನು ನಿಲ್ಲಿಸಿ ನನ್ನನ್ನು ಕೇಳಿದರು.

"ಏನ್ರೀ ಮೇಷ್ಟ್ರೇ, ಈ ಹುಡುಗಿ ಯಾವಾಗಲೂ ಹೀಗೇನಾ?"

ಸಾಹುಕಾರರು ನನ್ನನ್ನು ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು.

"ಹೌದು ಸಾರ್" ಅಂದೆ. "ಸ್ವಲ್ಪ ಮಂದ."

ಅವರು ಹಾಗೇ ಬರೆದುಕೊಂಡರು.

ಮೂರು ದಿನದ ನಂತರ ಅವಳ ಅಮ್ಮ ಬಂದಳು. ಚೀಟಿ ಕೇಳಲು ಬಂದಿದ್ದಳು. ಹುಡುಗಿ ಅವಳ ಹಿಂದೆ ನಿಂತಿದ್ದಳು. ಪಾಸಾಗಲಿಲ್ಲ ಕಣಮ್ಮ ಅಂದೆ. ಇನ್ನೊಂದು ವರ್ಷ ಓದಿಸು ಅಂತ ಹೇಳಲು ಹೊರಟೆ, ಆದರೆ ಮುಂದಿನ ವರ್ಷದ ಮಾತು ಆಡಲು ನನಗೇ ನಂಬಿಕೆಯಿರಲಿಲ್ಲ. ಅವಳು ಅಳಲಿಲ್ಲ. ಕೋಪವನ್ನೂ ಮಾಡಿಕೊಳ್ಳಲಿಲ್ಲ. ಅದನ್ನಾದರೂ ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೇನೋ. ನೆಲ ನೋಡುತ್ತ, ನನಗೇ ಸಮಾಧಾನ ಹೇಳುವವಳಂತೆ ಹೇಳಿದಳು.

"ನೀವು ಕಷ್ಟಪಟ್ರಿ ಮೇಷ್ಟ್ರೇ. ಇದ್ರ ತಲೇಲೇ ಇಲ್ಲ, ನೀವಾದ್ರೂ ಏನ್ ಮಾಡ್ತೀರಿ. ನಂಗೆ ಗೊತ್ತಾಗ್ಲಿಲ್ಲ, ಸುಮ್ನೆ ನಿಮ್ಗೆ ತ್ರಾಸ ಕೊಟ್ಟೆ."

ಅಮ್ಮನ ಹೆಗಲಾಚೆಯಿಂದ ಹುಡುಗಿ ನನ್ನ ಮುಖ ನೋಡಿದಳು. ಇಲ್ಲ, ನಿನ್ನ ಮಗಳು ನನಗಿಂತ ಬುದ್ಧಿವಂತೆ ಅಂತ ಒಂದು ಮಾತು ಹೇಳಿದ್ದರೆ ಸಾಹುಕಾರರಿಗೆ ಕೇಳಿಸುತ್ತಿರಲಿಲ್ಲ. ಅಂಗಳದಲ್ಲಿ ನಾವು ಮೂವರೇ ಇದ್ದೆವು. ಹೇಳಿದರೆ ಮಗಳು ಯಾಕೆ ತಪ್ಪು ಹೇಳಿದಳು ಅಂತ ಅಮ್ಮ ಕೇಳುತ್ತಿದ್ದಳು. ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು.

"ಹೋಗ್ಲಿ ಬಿಡಮ್ಮ" ಅಂದೆ.

ಅವಳು ಮಗಳ ತಲೆಗೆ ಮೆಲ್ಲಗೆ ಒಂದು ಮೊಟಕಿ, "ಬಾ, ಮೇಸ್ತ್ರಿ ಕಾಯ್ತಾವ್ನೆ" ಅಂದಳು. ಹುಡುಗಿ ಅಮ್ಮನ ಸೊಂಟದಿಂದ ಬುಟ್ಟಿ ಬಿಚ್ಚಿಕೊಂಡು ತನ್ನ ಸೊಂಟಕ್ಕೆ ಕಟ್ಟಿಕೊಂಡಳು.